ನಮ್ಮೂರ ಬಿಸಿಲು, ನಮ್ಮೂರ ದ್ರಾಕ್ಷಿ, ನಮ್ಮ ಮನೆಯ ನಾಯಿ

ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ವಿಜಯಪುರದ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಾಯಿ ಸಾಕಿದವರು ಸುಮಾರು ನಲವತ್ತು ಜನ ಸೇರಿದ್ದೆವು. ಕೆಲವರು ನಾಯಿಗಳನ್ನೂ ಕರೆತಂದಿದ್ದರು. ಅವತ್ತು ನಾನು ಆಡಿದ ಮಾತನ್ನು ಬರೆದು ಕೊಡಿ ಅಂತ ಹಲವರು ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಪಶುವೈದ್ಯನಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ನಾಯಿ ಸಾಕುತ್ತಿದ್ದೇನೆ, ತಿಕೋಟಾ ಕಡೆ ನಮ್ಮ ದ್ರಾಕ್ಷಿ ತೋಟ ಇದೆ, ಅಷ್ಟೇ. ನಾಯಿ ಸಾಕುವುದು ಹೇಗೆ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಸಾವಿರ ವಿಡಿಯೊ ಸಿಗುತ್ತವೆ. ಅದರಲ್ಲಿ ಹೆಚ್ಚಿನವು ತಂಪು ದೇಶದವು, ಇಲ್ಲವೇ ಬೆಂಗಳೂರಿನ ಫ್ಲ್ಯಾಟ್‌ನವು. ನಮ್ಮೂರಲ್ಲಿ ನಾಯಿಗೆ ಅಪಾಯ ಬರುವುದು ಬೇರೆ ಕಡೆಯಿಂದ. ನಾವು ದಿನಾ ಮುಟ್ಟುವ, ದಿನಾ ತಿನ್ನುವ, ನಮಗೆ ಅಪಾಯ ಅಂತ ಅನ್ನಿಸುವುದೇ ಇಲ್ಲದ ವಸ್ತುಗಳಿಂದ. ಅದನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಚಿಗರಿ ಅಂತ ನಮ್ಮಲ್ಲೊಂದು ಹೆಣ್ಣು ನಾಯಿ ಇತ್ತು. ಮುಧೋಳ ಬೇಟೆನಾಯಿಯ ರಕ್ತ ಅರ್ಧ ಇತ್ತು ಅವಳಲ್ಲಿ. ಉದ್ದ ಕಾಲು, ಹಿಡಿಯಷ್ಟು ನಡು, ಓಡಿದರೆ ನಿಜಕ್ಕೂ ಚಿಗರಿಯೇ. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಅವಳು ನಮ್ಮ ಜೊತೆ ತೋಟದಲ್ಲೇ ಇರುತ್ತಿದ್ದಳು. ನಿಮಗೆಲ್ಲ ಗೊತ್ತಿರುವುದೇ, ಗೊನೆಗಳನ್ನು ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವುತ್ತೇವೆ, ಎರಡು ವಾರದ ಹೊತ್ತಿಗೆ ಮನೂಕ ಆಗುತ್ತದೆ, ಆಮೇಲೆ ಬಲೆ ಅಲುಗಾಡಿಸಿದರೆ ಕೆಳಗೆ ಹಾಸಿದ ತಾಡಪಾಲಿನ ಮೇಲೆ ಮಳೆ ಬಿದ್ದ ಹಾಗೆ ಉದುರುತ್ತದೆ. ಅವತ್ತು ಚಿಗರಿ ಆ ತಾಡಪಾಲಿನ ಅಂಚಿಗೆ ಕೂತು ಒಂದೊಂದೇ ಹೆಕ್ಕಿ ತಿನ್ನುತ್ತಿದ್ದಳು. ಮಕ್ಕಳು ಅಂಗೈಯಲ್ಲಿಟ್ಟು ತಿನ್ನಿಸಿದರು. ನಾನೂ ಒಂದು ಹಿಡಿ ಕೊಟ್ಟೆ. ಬಾಲ ಆಡಿಸುತ್ತಾ ತಿಂದಳು.

ರಾತ್ರಿ ವಾಂತಿ ಶುರುವಾಯಿತು. ಬ್ಯಾಟರಿ ಹಿಡಿದು ನೋಡಿದರೆ ವಾಂತಿಯಲ್ಲಿ ನೀರು ಕುಡಿದು ಉಬ್ಬಿದ ಮನೂಕಗಳು. ತಿಂದಿದ್ದು ಜಾಸ್ತಿ ಆಯಿತು, ಉಷ್ಣ ಆಗಿದೆ ಅಂದುಕೊಂಡು ಮಜ್ಜಿಗೆ ಇಟ್ಟೆವು. ಮರುದಿನ ರೊಟ್ಟಿ ಮೂಸಿ ಕೂಡ ನೋಡಲಿಲ್ಲ. ನೀರಿನ ಬಾನಿಯ ಅಂಚಿಗೆ ಗದ್ದ ಇಟ್ಟು ಮಲಗಿದಳು. ಕುಡಿಯುವುದು, ಕಕ್ಕುವುದು, ಮತ್ತೆ ಕುಡಿಯುವುದು. ಮೂರನೇ ದಿನ ನನ್ನ ಹೆಂಡತಿ ಒಂದು ಮಾತು ಹೇಳಿದಳು, ಇಷ್ಟು ನೀರು ಕುಡಿದರೂ ಇವಳು ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿಲ್ಲ ಅಂತ. ಆಗ ಗಾಡಿ ತೆಗೆದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ದ್ರಾಕ್ಷಿ ಏನಾದರೂ ತಿಂದಿತ್ತಾ? ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಪೂರ್ತಿ ಕೈಕೊಟ್ಟಿತ್ತು. ಎರಡು ದಿನ ಸಲೈನ್ ಹಾಕಿದರು. ಚಿಗರಿ ಉಳಿಯಲಿಲ್ಲ.

ಹಾಗಾಗಿ ಇದನ್ನು ದ್ರಾಕ್ಷಿ ಬೆಳೆಯುವ ಜಿಲ್ಲೆಯಲ್ಲಿ ನಿಂತು ಗಟ್ಟಿಯಾಗಿ ಹೇಳುತ್ತೇನೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಹಸಿರಾದರೂ ಸರಿ, ಕಪ್ಪಾದರೂ ಸರಿ, ಬೀಜ ಇದ್ದರೂ ಇಲ್ಲದಿದ್ದರೂ ಸರಿ. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕ ಇಲ್ಲ. ಒಂದು ನಾಯಿ ಹಿಡಿ ತುಂಬ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕೈದು ಕಾಳಿಗೇ ಮಲಗುತ್ತದೆ. ನಮ್ಮಜ್ಜನ ಕಾಲದಿಂದ ತೋಟದ ನಾಯಿಗಳು ತಿನ್ನುತ್ತಲೇ ಬಂದಿವೆ, ಏನೂ ಆಗಿಲ್ಲ ಅಂತ ನೀವು ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ. ತುಂಬ ವರ್ಷ ಇದಕ್ಕೆ ಕಾರಣವೇ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ ತೋರಿಸಿದರು. ಹಣ್ಣಿನಿಂದ ಹಣ್ಣಿಗೆ, ತಳಿಯಿಂದ ತಳಿಗೆ ಅದರ ಪ್ರಮಾಣ ಬೇರೆ ಬೇರೆ, ಅದಕ್ಕೇ ಲೆಕ್ಕ ಸಿಗುವುದಿಲ್ಲ. ಇದೇ ಆಮ್ಲ ಇನ್ನೊಂದು ಹಣ್ಣಿನಲ್ಲಿ ಧಾರಾಳವಾಗಿದೆ, ಹುಣಸೆಹಣ್ಣಿನಲ್ಲಿ. ಆದ್ದರಿಂದ ಹುಣಸೆ ತೊಕ್ಕು, ಗೊಜ್ಜು, ಹುಳಿ ಹಾಕಿದ ಸಾರು ನಾಯಿಯ ತಟ್ಟೆಗೆ ಹೋಗಬಾರದು.

ನಾಯಿ ತಿಂದೇಬಿಟ್ಟಿತು ಅಂದುಕೊಳ್ಳಿ. ವಾಂತಿ ಆಗಲಿ ನೋಡೋಣ ಅಂತ ಕಾಯಬೇಡಿ. ಮೊದಲ ಒಂದೆರಡು ಗಂಟೆಯೊಳಗೆ ಡಾಕ್ಟರ ಹತ್ತಿರ ಹೋದರೆ ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ, ಸಲೈನ್ ಹಾಕಿ ಕಿಡ್ನಿ ಉಳಿಸುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ಕಕ್ಕಿಸಲು ಹೋಗಬೇಡಿ, ಆ ಉಪ್ಪೇ ನಾಯಿಯ ಪ್ರಾಣ ತೆಗೆಯಬಹುದು. ತೋಟದಲ್ಲಿದ್ದರೆ, ಗಾಡಿ ಇಲ್ಲದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಎರಡನೆಯದು ಉಳ್ಳಾಗಡ್ಡಿ. ನಮ್ಮ ಅಡಿಗೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪದಾರ್ಥ ಯಾವುದಿದೆ ಹೇಳಿ? ಜುಣಕ, ಪಲ್ಯ, ಶೇಂಗಾ ಚಟ್ನಿ, ಕೋಳಿ ಸಾರು, ಎಲ್ಲದರಲ್ಲೂ ಇದೆ. ಇವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ತಿಂದ ದಿನವೇ ಏನೂ ಕಾಣಿಸುವುದಿಲ್ಲ, ಎರಡು ಮೂರು ದಿನ ಬಿಟ್ಟು ಒಸಡು ಬಿಳಚಿಕೊಳ್ಳುತ್ತದೆ, ಉಚ್ಚೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆಗ ನಾವು ತಿನ್ನಿಸಿದ್ದೇ ಮರೆತಿರುತ್ತೇವೆ. ಒಗ್ಗರಣೆಗೆ ಮುಂಚೆ ಬೇಯಿಸಿದ ಬೇಳೆ ಒಂದು ಸೌಟು ತೆಗೆದಿಡಿ. ನಾವು ಮನೆಯಲ್ಲಿ ಹಾಗೇ ಮಾಡುತ್ತೇವೆ. ಜೋಳದ ರೊಟ್ಟಿ, ಆ ಬೇಳೆ, ಒಂದು ಮೊಟ್ಟೆ ಇಲ್ಲವೇ ಬರೀ ಬೇಯಿಸಿದ ಕೋಳಿ. ಸುಮ್ನೆ ರೊಟ್ಟಿ ಹಾಲು ಹಾಕಿ ಬೆಳೆಸಿದರೆ ನಾಯಿ ಬದುಕುತ್ತದೆ, ಆದರೆ ಮೈ ಕಟ್ಟುವುದಿಲ್ಲ. ಹಾಲು ಬಹಳ ನಾಯಿಗಳಿಗೆ ಜೀರ್ಣ ಆಗುವುದೂ ಇಲ್ಲ. ಬೇಯಿಸಿದ ಎಲುಬು ಬೇಡ, ಅದು ಸೀಳಿ ಸೂಜಿಯಂತಾಗಿ ಕರುಳಿಗೆ ಚುಚ್ಚುತ್ತದೆ. ಚಾಕೊಲೇಟ್ ಬೇಡ. ನಮಗೆ ಜ್ವರಕ್ಕೆ, ಮೈಕೈ ನೋವಿಗೆ ಬರೆದುಕೊಟ್ಟ ಪ್ಯಾರಸಿಟಮಾಲ್, ಐಬುಪ್ರೊಫೆನ್ ಗುಳಿಗೆಯನ್ನು ಅರ್ಧ ಮುರಿದೂ ನಾಯಿಗೆ ಹಾಕಬೇಡಿ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಪಾರ 40 ದಾಟುತ್ತದೆ. ನಮಗೆ ಮೈಯೆಲ್ಲ ಬೆವರುತ್ತದೆ, ನಾಯಿಗೆ ಅಂಗಾಲಲ್ಲಿ ಅಷ್ಟೇ ಒಂಚೂರು ಬೆವರು. ಅದು ಮೈ ತಂಪು ಮಾಡಿಕೊಳ್ಳುವುದು ತೇಕುವುದರಿಂದ, ನಾಲಿಗೆ ಹೊರಗೆ ಹಾಕಿ. ಸುತ್ತಲಿನ ಗಾಳಿಯೇ ಕಾದಿದ್ದರೆ ತೇಕಿ ಏನು ಪ್ರಯೋಜನ? ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 104 ದಾಟಿತು ಅಂದರೆ ಅಪಾಯ ಶುರು.

ನಾವು ಮಾಡುವ ಒಂದು ತಪ್ಪು ಹೇಳುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಬೇವಿನ ಮರದ ನೆರಳು ನೋಡಿ ನಾಯಿ ಕಟ್ಟುತ್ತೇವೆ, ನೀರು ಇಟ್ಟು ಕೆಲಸಕ್ಕೆ ಹೋಗುತ್ತೇವೆ. ಮಧ್ಯಾಹ್ನ ಎರಡಕ್ಕೆ ನೆರಳು ಕಾಂಪೌಂಡಿನ ಆಚೆ ಸರಿದಿರುತ್ತದೆ, ಸರಪಳಿ ಮಾತ್ರ ಇದ್ದಲ್ಲೇ ಇರುತ್ತದೆ. ಸ್ಟೀಲ್ ಬೋಗುಣಿಯ ನೀರು ಕೈ ಅದ್ದಲಾಗದಷ್ಟು ಕಾದಿರುತ್ತದೆ. ಒಂದು ಭಾನುವಾರ ಮನೆಯಲ್ಲೇ ಇದ್ದು, ನಾಯಿ ಕಟ್ಟುವ ಜಾಗದಲ್ಲಿ ಗಂಟೆಗೊಂದು ಸಲ ನಿಂತು ನೆರಳು ಎಲ್ಲಿ ಹೋಗುತ್ತದೆ ಅಂತ ನೋಡಿ. ಪತ್ರಾಸಿನ ಗೂಡು ಬೇಸಿಗೆಯಲ್ಲಿ ಒಲೆ ಇದ್ದ ಹಾಗೆ, ಮೇಲೆ ಜೋಳದ ಕಣಿಕೆ ದಪ್ಪಗೆ ಹೊದಿಸಿ ನೀರು ಚಿಮುಕಿಸಿ. ನೀರಿಗೆ ಮಣ್ಣಿನ ಬಾನಿಯೇ ಒಳ್ಳೆಯದು.

ತಿರುಗಾಡಲು ಕರೆದೊಯ್ಯುವುದು ಬೆಳಿಗ್ಗೆ ಏಳರೊಳಗೆ, ಸಂಜೆ ಏಳರ ಮೇಲೆ. ಸೂರ್ಯ ಮುಳುಗಿದ ಮೇಲೂ ಡಾಂಬರು ಬಿಸಿ ಉಳಿಸಿಕೊಂಡಿರುತ್ತದೆ. ನಮ್ಮ ಕಾಲಲ್ಲಿ ಚಪ್ಪಲಿ ಇರುವುದರಿಂದ ಅದು ಗೊತ್ತಾಗುವುದಿಲ್ಲ. ಗೇಟಿನಾಚೆ ಬಗ್ಗಿ ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳರವರೆಗೆ ಎಣಿಸಿ. ಕೈ ತೆಗೆಯಬೇಕು ಅನ್ನಿಸಿದರೆ ನಾಯಿಯನ್ನು ಒಳಗೆ ಕರೆದುಕೊಳ್ಳಿ.

ಬಿಸಿಲು ಬಡಿದ ನಾಯಿಗೆ ಜೊಲ್ಲು ಅಂಟಂಟಾಗಿ ಸುರಿಯುತ್ತದೆ, ನಾಲಿಗೆ ಇಟ್ಟಿಗೆ ಕೆಂಪಾಗುತ್ತದೆ, ಹೆಜ್ಜೆ ತೂರಾಡುತ್ತದೆ. ನೆರಳಿಗೆ ತನ್ನಿ, ನಲ್ಲಿಯ ನೀರನ್ನು ಮೈಮೇಲೆ, ಮುಖ್ಯವಾಗಿ ಹೊಟ್ಟೆ, ತೊಡೆಸಂದಿಗೆ ಸುರಿಯುತ್ತಲೇ ಇರಿ, ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಸ್ವಲ್ಪ ಹೊತ್ತಿಗೆ ಅದೇ ಬಿಸಿ ಹಿಡಿದಿಡುತ್ತದೆ. ಬಾಯಿಗೆ ಬಲವಂತದಿಂದ ನೀರು ಹೊಯ್ಯಬೇಡಿ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಿಯೇ ಬನ್ನಿ, ಒಳಗಿನ ಅಂಗಗಳಿಗೆ ಆದ ಪೆಟ್ಟು ಮರುದಿನ ಹೊರಬರಬಹುದು.

ಇದೇ ಕಾರಣಕ್ಕೆ ಒಂದು ಬೇಡಿಕೆ ಇದೆ. ಹಸ್ಕಿ, ಸೇಂಟ್ ಬರ್ನಾರ್ಡ್ ನಾಯಿಗಳನ್ನು ವಿಜಯಪುರಕ್ಕೆ ತರಬೇಡಿ. ಹಿಮದಲ್ಲಿ ಬದುಕಲು ಹುಟ್ಟಿದ ಪ್ರಾಣಿಯನ್ನು ಏಸಿ ಕೋಣೆಯಲ್ಲಿ ಕೂಡಿಹಾಕುವುದು ಅದಕ್ಕೂ ಕಷ್ಟ, ನಿಮಗೂ ಕಷ್ಟ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟವೇ ಕಷ್ಟ, ಬೇಸಿಗೆಯಲ್ಲಿ ಇನ್ನೂ ಕಷ್ಟ. ಈಗಾಗಲೇ ಇರುವ ಪಾಮೇರಿಯನ್, ಜರ್ಮನ್ ಶೆಫರ್ಡ್‌ಗಳ ಕೂದಲನ್ನು ಬೇಸಿಗೆ ಅಂತ ಬೋಳಿಸಬೇಡಿ, ಆ ಕೂದಲು ಬಿಸಿಲನ್ನೂ ತಡೆಯುತ್ತದೆ, ದಿನಾ ಬಾಚಿದರೆ ಸಾಕು. ನಾಯಿ ಬೇಕು ಅನ್ನುವವರಿಗೆ ನಮ್ಮ ಬೀದಿಯ ಮರಿಗಳಿವೆ. ಜಾತಿ ನಾಯಿಯೇ ಬೇಕು ಅಂದರೆ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಮುಧೋಳ ಇದೆ. ಅಲ್ಲಿನ ಅರಸರಾಗಿದ್ದ ಘೋರ್ಪಡೆ ಮನೆತನದ ಮಾಲೋಜಿರಾವ್ ಕಾಪಾಡಿ ಬೆಳೆಸಿದ ತಳಿ ಅದು, 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, ಅಲ್ಲಿನ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ, ಸೇನೆ ಕೂಡ ಮರಿಗಳನ್ನು ತೆಗೆದುಕೊಂಡಿದೆ. ಆದರೆ ಅದನ್ನು ತಂದು ಸರಪಳಿಯಲ್ಲಿ ಕಟ್ಟಿಹಾಕುವುದಾದರೆ ತರಲೇಬೇಡಿ. ಅದಕ್ಕೆ ಓಡಲು ಹೊಲ ಬೇಕು. ದೂರದಲ್ಲಿ ಏನೇ ಓಡಿದರೂ ಅದರ ಬೆನ್ನು ಹತ್ತುವ ಬೇಟೆನಾಯಿ, ಆದ್ದರಿಂದ ಕುರಿ ಮೇಯುವ ಕಡೆ ಬೆಲ್ಟ್ ಬಿಚ್ಚಬಾರದು. ಮೈಯಲ್ಲಿ ಕೊಬ್ಬು ಕಡಿಮೆ, ಅದಕ್ಕೆ ಆಪರೇಷನ್ ಇದ್ದಾಗ ಇದು ಮುಧೋಳ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಕೆಲವು ಅರಿವಳಿಕೆ ಔಷಧಿ ಇಂಥ ನಾಯಿಗಳಿಗೆ ಆಗಿಬರುವುದಿಲ್ಲ.

ಉಣ್ಣಿಗಳ ವಿಷಯಕ್ಕೆ ಬರೋಣ. ನಾಯಿಯ ಮೈಮೇಲೆ ನಾಲ್ಕು ಕಂಡರೆ ಮನೆಯ ಗೋಡೆಯಲ್ಲಿ ನಾನೂರು ಇವೆ ಅಂತ ತಿಳಿದುಕೊಳ್ಳಿ. ರಕ್ತ ಕುಡಿದ ಹೆಣ್ಣು ಉಣ್ಣಿ ಕೆಳಗಿಳಿದು ಕಲ್ಲಿನ ಗೋಡೆಯ ಸಂದಿಗೆ ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದಿನಾ ಸಂಜೆ ಐದು ನಿಮಿಷ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಯ ಮಡಿಕೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಾಲ್ಬೆರಳ ಸಂದಿ, ಬಾಲದ ಬುಡ ಬೆರಳಾಡಿಸಿ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಉಗುರಲ್ಲಿ ಚಿವುಟುವುದು ಬೇಡ. ನಮ್ಮ ರೈತರಿಗೆ ಇನ್ನೊಂದು ಮಾತು. ತೋಟಕ್ಕೆ ಹೊಡೆದು ಉಳಿದ ಔಷಧಿಯನ್ನು, ಎಮ್ಮೆಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಸವರುತ್ತಾರೆ. ನಾಯಿ ಮೈ ನೆಕ್ಕುತ್ತದೆ, ನಡುಗಿ ಸಾಯುತ್ತದೆ. ನಾಯಿಯ ತೂಕಕ್ಕೆ ತಕ್ಕ ಹನಿ ಔಷಧಿ, ಗುಳಿಗೆ ಸಿಗುತ್ತವೆ, ಡಾಕ್ಟರನ್ನು ಕೇಳಿ ತನ್ನಿ. ಉಣ್ಣಿ ಕಚ್ಚಿದ ನಾಯಿ ಊಟ ಬಿಟ್ಟು ಜ್ವರದಲ್ಲಿ ಮಲಗಿದರೆ, ಮೂಗಿನಿಂದ ರಕ್ತ ಬಂದರೆ ಅದು ಉಣ್ಣಿ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ಬೇಗ ಹಿಡಿದರೆ ವಾಸಿಯೂ ಆಗುತ್ತದೆ.

ಲಸಿಕೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮರಿಗೆ ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಅನ್ನುವ ಮಾರಕ ರೋಗಗಳ ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಮತ್ತೆ. ಮೂರು ತಿಂಗಳಿಗೆ ರೇಬಿಸ್, ಆಮೇಲೆ ವರ್ಷಕ್ಕೊಮ್ಮೆ. ಲಸಿಕೆ ಮುಗಿಯುವ ತನಕ ಮರಿಯನ್ನು ಬೀದಿಯ ಮಣ್ಣಿಗೆ ಇಳಿಸಬೇಡಿ, ಪಾರ್ವೊ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಿಮ್ಮ ಮಗುವಿಗೆ ಯಾವುದೇ ನಾಯಿ ಕಚ್ಚಿದರೆ, ಪರಚಿದರೆ, ಸಾಕಿದ್ದೇ ಆಗಲಿ ಬೀದಿಯದೇ ಆಗಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಸುಮ್ನೆ ಅಂದಾಜು ಬೇಡ. ಖಾರದಪುಡಿ, ಸುಣ್ಣ, ಅರಿಶಿನ ಏನನ್ನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಲಸಿಕೆ ಉಚಿತ. ಡಾಕ್ಟರು ಹೇಳಿದ ಎಲ್ಲ ತಾರೀಕಿಗೂ ಹೋಗಿ, ಒಂದನ್ನೂ ಬಿಡಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಯಾರ ಕೈಯಲ್ಲೂ ಏನೂ ಉಳಿಯುವುದಿಲ್ಲ.

ನಾಯಿ ಕರೆದುಕೊಂಡು ಎಲ್ಲಿಗೆ ಹೋಗುವುದು ಅಂತ ಎಲ್ಲರೂ ಕೇಳುತ್ತೀರಿ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಒಳಗೆ ಆಗುವುದಿಲ್ಲ, ಪುರಾತತ್ವ ಇಲಾಖೆಯ ನಿಯಮದಲ್ಲೇ ರಕ್ಷಿತ ಸ್ಮಾರಕದೊಳಗೆ ಪ್ರಾಣಿ ತರಬಾರದು ಅಂತಿದೆ. ಅದನ್ನು ಗೌರವಿಸೋಣ. ನಾನು ನಮ್ಮ ಗುಂಡನನ್ನು ಭೂತನಾಳ ಕೆರೆಯ ಕಡೆಗೆ ಕರೆದೊಯ್ಯುತ್ತೇನೆ, ಸೂರ್ಯ ಹುಟ್ಟುವ ಮುಂಚೆ. ಉದ್ದನೆಯ ಹಗ್ಗ ಹಾಕಿರುತ್ತೇನೆ, ಬಿಡುವುದಿಲ್ಲ, ಅಲ್ಲಿ ಹಕ್ಕಿಗಳಿವೆ, ಕುರಿ ಮೇಯಿಸುವವರು ಇರುತ್ತಾರೆ. ಕುಡಿಯುವ ನೀರು ಮನೆಯಿಂದಲೇ ಒಯ್ಯುತ್ತೇನೆ. ನಾಯಿ ಮಾಡಿದ ಹೊಲಸನ್ನು ಕಾಗದದಲ್ಲಿ ಎತ್ತಿ ತರುತ್ತೇನೆ. ದಯವಿಟ್ಟು ನೀವೂ ಎತ್ತಿ. ನಾಯಿ ಕಂಡರೆ ಆಗದ ಜನ ಹುಟ್ಟುವುದು ಹೆಚ್ಚಾಗಿ ಅದರಿಂದಲೇ.

ದಾರಿಯಲ್ಲಿ ಬೀದಿನಾಯಿಗಳು ಬೊಗಳುತ್ತಾ ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ. ಅದು ಅವುಗಳ ಓಣಿ. ಬೆಲ್ಟ್ ಗಿಡ್ಡ ಮಾಡಿ, ನಿಮ್ಮ ನಾಯಿಯನ್ನು ಹಿಂದೆ ಇಟ್ಟುಕೊಂಡು, ಮುಖ ಅವುಗಳ ಕಡೆಗೇ ಇಟ್ಟು ನಿಧಾನಕ್ಕೆ ಹಿಂದೆ ಸರಿದು ಬೇರೆ ಓಣಿ ಹಿಡಿಯಿರಿ.

ಕಾರಿನಲ್ಲಿ ಹೋದರೆ ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ಎರಡು ಗಂಟೆಗೊಮ್ಮೆ ಇಳಿಸಿ. ಚಹಾ ಕುಡಿದು ಬರುತ್ತೇವೆ, ಐದೇ ನಿಮಿಷ ಅಂತ ಗಾಜು ಏರಿಸಿ ಬಿಡಬೇಡಿ. ನಿಂತ ಕಾರಿನೊಳಗೆ ಹತ್ತು ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತದೆ. ರೈಲಿನಲ್ಲಿ ಜೊತೆಗೆ ಕೂರಿಸಿಕೊಂಡು ಹೋಗಬೇಕು ಅಂದರೆ ಏಸಿ ಫಸ್ಟ್ ಕ್ಲಾಸಿನ ಇಡೀ ಕೂಪೆ ನಿಮ್ಮದಾಗಿರಬೇಕು, ಸ್ಲೀಪರ್‌ನಲ್ಲಿ ಬಿಡುವುದಿಲ್ಲ. ಇನ್ನೊಂದು ದಾರಿ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ನಮ್ಮ ಬೇಸಿಗೆಯಲ್ಲಿ ಆ ಪೆಟ್ಟಿಗೆಗೆ ನಾನಂತೂ ಯಾವ ನಾಯಿಯನ್ನೂ ಹತ್ತಿಸುವುದಿಲ್ಲ.

ಇಷ್ಟು ಹೇಳಿ ಕೂತೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ತಾಯಿ ಕೇಳಿದರು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವಾಗ ನಮ್ಮ ನಾಯಿ ಮನೆ ಬಿಟ್ಟು ಓಡಿತ್ತು, ಎರಡು ದಿನ ಸಿಗಲಿಲ್ಲ, ಏನು ಮಾಡುವುದು ಅಂತ. ಸಂಕ್ರಾಂತಿ, ದೀಪಾವಳಿ ಎರಡಕ್ಕೂ ಇದೇ ಉತ್ತರ. ಸದ್ದು ಶುರುವಾಗುವ ಮುಂಚೆಯೇ ತಿರುಗಾಡಿಸಿ ಬನ್ನಿ, ಒಳಗಿನ ಕೋಣೆಯಲ್ಲಿಟ್ಟು ಕಿಟಕಿ ಮುಚ್ಚಿ, ಟಿವಿ ಇಲ್ಲವೇ ಫ್ಯಾನಿನ ಸದ್ದು ಇರಲಿ, ಮನೆಯವರು ಒಬ್ಬರು ಜೊತೆ ಕೂರಲಿ. ಮಂಚದ ಕೆಳಗೆ ಅಡಗಿದರೆ ಎಳೆಯಬೇಡಿ. ಕುತ್ತಿಗೆ ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಬರೆಸಿ, ಇವತ್ತೇ ಬರೆಸಿ.

ಐದನೇ ಕ್ಲಾಸಿನ ಹುಡುಗ ಒಬ್ಬ ಎದ್ದು ನಿಂತು, ಡಾಕ್ಟರ ಹತ್ತಿರ ಹೋದಾಗ ನಮ್ಮ ನಾಯಿ ಕಚ್ಚಲು ಬರುತ್ತದೆ, ಅಪ್ಪ ಹೊಡೆಯುತ್ತಾರೆ ಅಂದ. ಎತ್ತಿಗೆ ಬಾಯಿಕುಕ್ಕೆ ಹಾಕುವುದಿಲ್ವಾ, ನಾಯಿಗೂ ಸಿಗುತ್ತದೆ, ಬಲೆಯ ಹಾಗಿದ್ದು ತೇಕಲು ಜಾಗ ಇರುವಂಥದ್ದು. ಮನೆಯಲ್ಲೇ ಅದರೊಳಗೆ ಒಂದು ತುಂಡು ಕೋಳಿ ಇಟ್ಟು ದಿನಾ ಮೂತಿ ಹಾಕಿಸಿ, ಒಂದು ನಿಮಿಷ, ಎರಡು ನಿಮಿಷ. ವಾರದಲ್ಲಿ ಅಭ್ಯಾಸ ಆಗುತ್ತದೆ. ಅದಕ್ಕೆ ಹೆದರಿಕೆ ಇದೆ, ಸಿಟ್ಟಲ್ಲ, ಹೊಡೆದರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ ಅಂತ ಅಪ್ಪನಿಗೆ ನಾನೇ ಹೇಳಿದೆ, ಅವರು ಅಲ್ಲೇ ಕೂತಿದ್ದರು, ತಲೆಯಾಡಿಸಿದರು.

ಕೊನೆಗೆ ಒಬ್ಬ ಅಜ್ಜಿ ಹತ್ತಿರ ಬಂದು ಮೆಲ್ಲಗೆ ಕೇಳಿದರು. ದಿನಾ ಪೂಜೆ ಆದ ಮೇಲೆ ಒಂದು ಚಮಚ ಶಿರಾ ನಾಯಿಗೆ ಹಾಕುವುದು ಅವರ ರೂಢಿಯಂತೆ, ಅದರಲ್ಲಿ ಎರಡು ಮನೂಕ ಇರುತ್ತವೆ, ಹಾಕಲೋ ಬೇಡವೋ ಅಂತ. ಮನೂಕ ಹಾಕುವ ಮುಂಚೆ ಒಂದು ಚಮಚ ಬೇರೆ ತೆಗೆದಿಡಿ ಅಜ್ಜಿ, ಅದನ್ನು ಹಾಕಿ ಅಂದೆ. ಅವರು ಆರಿಸಿ ತೆಗೆದು ಹಾಕಿದರೆ ಆಗುವುದಿಲ್ವಾ ಅಂದರು. ಬೇಡ, ಕಣ್ಣು ತಪ್ಪಿ ಒಂದು ಉಳಿದುಬಿಡುತ್ತದೆ ಅಂದೆ. ಆಗಲಿ ಅಂದರು.

ಅಷ್ಟು ಹೊತ್ತಿಗೆ ಎಂಟೂವರೆ ಆಗಿತ್ತು. ಗೇಟಿನ ಹತ್ತಿರ ಆ ಐದನೇ ಕ್ಲಾಸಿನ ಹುಡುಗ ಬಗ್ಗಿ ರಸ್ತೆಗೆ ಕೈ ಒತ್ತಿ ಎಣಿಸುತ್ತಿದ್ದ. ಏಳರವರೆಗೂ ಎಣಿಸಿದ. ಆದರೂ ನಾಯಿಯನ್ನು ನೆರಳಿರುವ ಗೋಡೆಯ ಪಕ್ಕದಿಂದಲೇ ಕರೆದುಕೊಂಡು ಹೋದ.